ಪಂಪಿನ ಸಕ್ಷನ್ ಪೈಪು ಡೆಲಿವರಿ ಪೈಪಿಗಿಂತ ದೊಡ್ಡದು ಯಾಕೆ?

ಸಕ್ಷನ್ ಅಂದರೆ ಪಂಪಿಗೆ ನೀರು ಬರುವ ಕಡೆ, ಡೆಲಿವರಿ ಅಂದರೆ ಹೊರಹೋಗುವ ಕಡೆ. ಪಂಪು ನೀರನ್ನು ಎಳೆಯುತ್ತದೆ ಅಂತ ನಾವು ಸುಮ್ನೆ ಹೇಳುತ್ತೇವೆ. ನಿಜಕ್ಕೂ ತೆರೆದ ಟ್ಯಾಂಕಿನಿಂದ ನೀರನ್ನು ಪಂಪಿನೊಳಗೆ ತಳ್ಳುವುದು ಗಾಳಿಯ ಒತ್ತಡ. ಅದು ಸುಮಾರು 10 ಮೀಟರ್ ನೀರಿನಷ್ಟು, ಅಷ್ಟೇ. ಡೆಲಿವರಿ ಕಡೆ ಘರ್ಷಣೆ ಜಾಸ್ತಿಯಾದರೆ ಕರೆಂಟು ಪೋಲು. ಸಕ್ಷನ್ ಕಡೆ ಜಾಸ್ತಿಯಾದರೆ ಪಂಪೇ ಹಾಳು.

ಗಂಟೆಗೆ 36 ಘನ ಮೀಟರ್ ನೀರು ಬೇಕು ಅಂದುಕೊಳ್ಳಿ. ಒಳವ್ಯಾಸ 50 ಮಿ.ಮೀ. ಇದ್ದರೆ ವೇಗ ಸೆಕೆಂಡಿಗೆ 5 ಮೀಟರ್ ದಾಟುತ್ತದೆ. 80 ಮಿ.ಮೀ.ಗೆ 2 ಮೀಟರ್, 100ಕ್ಕೆ ಸುಮಾರು 1.3. ಘರ್ಷಣೆ ಹೆಚ್ಚುಕಮ್ಮಿ ವ್ಯಾಸದ ಐದನೇ ಘಾತಕ್ಕೆ ತಕ್ಕಂತೆ ಇಳಿಯುತ್ತದೆ. ಅಂದರೆ 50ರಿಂದ 80ಕ್ಕೆ ಹೋದರೆ ಹತ್ತನೇ ಒಂದು ಭಾಗ! ನಾನಾದರೆ ಡೆಲಿವರಿಗೆ 80, ಸಕ್ಷನ್‌ಗೆ 100 ಹಾಕುತ್ತೇನೆ.

ಘರ್ಷಣೆಯಿಂದ ಸಕ್ಷನ್ ಕಡೆ ಒತ್ತಡ ತೀರಾ ಇಳಿದರೆ ನೀರು ತಣ್ಣಗಿದ್ದರೂ ಕುದಿಯುತ್ತದೆ. ಆ ಗುಳ್ಳೆಗಳು ಪಂಪಿನೊಳಗೆ ತಿರುಗುವ ಚಕ್ರವಾದ ಇಂಪೆಲ್ಲರ್‌ನಲ್ಲಿ ಒಡೆಯುವಾಗ ಒಳಗೆ ಜಲ್ಲಿ ಉರುಳಿದ ಸದ್ದು ಬರುತ್ತದೆ. ಬಿಸಿ ನೀರಾದರೆ ಇನ್ನೂ ಕಷ್ಟ: 80 ಡಿಗ್ರಿಯಲ್ಲಿ ಆ 10 ಮೀಟರಿನ ಹತ್ತಿರ ಹತ್ತಿರ ಅರ್ಧ ಆವಿಯ ಒತ್ತಡಕ್ಕೇ ಹೋಗುತ್ತದೆ.

ಹಾಂ, ದೊಡ್ಡ ಸಕ್ಷನ್ ಪೈಪನ್ನು ಪಂಪಿನ ಸಣ್ಣ ಬಾಯಿಗೆ ಜೋಡಿಸುವ ರೆಡ್ಯೂಸರ್ ಎಕ್ಸೆಂಟ್ರಿಕ್ ಇರಲಿ, ಅಂದರೆ ಒಂದು ಬದಿ ಚಪ್ಪಟೆ, ಇನ್ನೊಂದು ಬದಿ ಓರೆ. ಅಡ್ಡ ಬರುವ ಪೈಪಾದರೆ ಚಪ್ಪಟೆ ಬದಿ ಮೇಲೆ, ಇಲ್ಲದಿದ್ದರೆ ಅಲ್ಲೇ ಗಾಳಿ ಕೂರುತ್ತದೆ.