ಈಜು ಕಲಿಸುವವರು ಬೇಗ ಕೆಲಸ ಬಿಡುತ್ತಾರೆ, ಮಕ್ಕಳು ನೀರು ಕಂಡರೆ ಅಳುತ್ತಾರೆ. ಎಲ್ಲಿಂದ ಸರಿಮಾಡೋದು?

ಈಜು ತರಗತಿಯ ಉಸ್ತುವಾರಿ ನಿಮಗೆ ಹೊಸದಾಗಿ ಬಂದಿದೆ, ಶಿಕ್ಷಕರು ನಿಲ್ಲುತ್ತಿಲ್ಲ, ಮಕ್ಕಳು ಹೆದರುತ್ತಾರೆ ಎಂದು ಬರೆದಿದ್ದೀರಿ. ನಾನು ಬಹಳ ವರ್ಷಗಳಿಂದ ಚಿಕ್ಕ ಮಕ್ಕಳಿಗೆ ಈಜು ಕಲಿಸುತ್ತಿದ್ದೇನೆ. ನನಗೆ ಕಂಡಂತೆ ಎರಡರ ಬೇರೂ ಒಂದೇ. ಶಿಕ್ಷಕರ ಮೈ-ಮನಸ್ಸು ನೆಟ್ಟಗಿದ್ದರೆ ಮಕ್ಕಳ ಅಳು ಅರ್ಧ ಇಳಿಯುತ್ತದೆ.

ಮೊದಲು ಚಳಿ. ನೀರಲ್ಲಿ ನಿಂತು ಕಲಿಸುವುದು ನೋಡುವವರಿಗೆ ಆರಾಮಾಗಿ ಕಾಣುತ್ತದೆ. ಆದರೆ ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಬಿಸಿ ಎಳೆದುಕೊಳ್ಳುತ್ತದೆ. ಈಜುವವರು ಕೈಕಾಲು ಆಡಿಸಿ ಬೆಚ್ಚಗಿರುತ್ತಾರೆ, ಕಲಿಸುವವರು ಸೊಂಟದ ಮಟ್ಟದ ನೀರಲ್ಲಿ ಸುಮ್ನೆ ನಿಂತಿರುತ್ತಾರೆ. ಸ್ಪರ್ಧೆಯ ಕೊಳಕ್ಕೆ 25ರಿಂದ 28 ಡಿಗ್ರಿ ಸಾಕು. ಚಿಕ್ಕ ಮಕ್ಕಳು ಕಲಿಯುವ ಕೊಳ 30ರ ಆಸುಪಾಸು ಇರಬೇಕು. ಅಷ್ಟಿಲ್ಲದಿದ್ದರೆ ಎರಡನೇ ಬ್ಯಾಚ್ ಹೊತ್ತಿಗೆ ಶಿಕ್ಷಕರ ಬೆರಳು ಮರಗಟ್ಟುತ್ತವೆ, ಮಾತು ಗಡುಸಾಗುತ್ತದೆ. ತುಟಿ ನೀಲಿಗಟ್ಟಿ ಗದ್ದ ನಡುಗುತ್ತಿರುವ ಮಗುವನ್ನು 'ಹಟಮಾರಿ' ಅನ್ನುವುದೂ ಆಗಲೇ. ಶಿಕ್ಷಕರಿಗೆ ವೆಟ್‌ಸೂಟ್, ಅಂದರೆ ನೀರಲ್ಲೂ ಮೈ ಬೆಚ್ಚಗಿಡುವ ಉಡುಪು, ಕೊಡಿಸಿ. ಒಂದು ಬ್ಯಾಚ್ ನೀರಲ್ಲಾದರೆ ಮುಂದಿನದು ದಡದ ಮೇಲಿಂದ ಇರಲಿ.

ಇನ್ನು ಗಾಳಿ. ಒಳಾಂಗಣ ಕೊಳದಲ್ಲಿ ಮೂಗಿಗೆ ಬಡಿಯುವ 'ಕ್ಲೋರಿನ್ ವಾಸನೆ' ಬಂದರೆ ನೀರು ಶುದ್ಧವಾಗಿದೆ ಅಂತ ಎಷ್ಟೋ ಜನ ಖುಷಿಪಡುತ್ತಾರೆ. ನಿಜ ಉಲ್ಟಾ. ಬೆವರು, ಮೂತ್ರ ಕ್ಲೋರಿನ್ ಜೊತೆ ಸೇರಿದಾಗ ಕ್ಲೋರಮೈನ್ ಹುಟ್ಟುತ್ತದೆ, ಆ ವಾಸನೆ ಅದರದ್ದು. ಕಣ್ಣು ಕೆಂಪಾಗುವುದು, ಒಣ ಕೆಮ್ಮು ಬರುವುದು ಇದರಿಂದಲೇ. ಅದು ನೀರಿನ ಮೇಲ್ಮೈ ಹತ್ತಿರವೇ ದಟ್ಟವಾಗಿರುತ್ತದೆ, ಅಂದರೆ ಮಕ್ಕಳ ಮೂಗಿನ ಎತ್ತರದಲ್ಲಿ. ಮಗು ಒಂದು ಗಂಟೆಯಲ್ಲಿ ಮನೆಗೆ ಹೋಗುತ್ತದೆ, ಶಿಕ್ಷಕರು ದಿನವಿಡೀ ಅದನ್ನೇ ಉಸಿರಾಡುತ್ತಾರೆ. ಮದ್ದು ಸುಲಭ: ಎಲ್ಲರೂ ಶವರ್ ಮಾಡಿಯೇ ಇಳಿಯಲಿ, ಇಳಿಯುವ ಮುಂಚೆ ಶೌಚಾಲಯಕ್ಕೆ ಹೋಗಿ ಬರಲಿ, ಹೊರಗಿನ ಗಾಳಿ ಚೆನ್ನಾಗಿ ಆಡಲಿ. ನೀರಿನ ಪಿಎಚ್ (ಹುಳಿ-ಕ್ಷಾರದ ಅಳತೆ) 7.2ರಿಂದ 7.8ರ ಒಳಗಿದೆಯಾ ಎಂದು ದಿನವೂ ನೋಡಿಸಿ. ಭೇದಿ ಆಗುತ್ತಿರುವ ಮಗುವನ್ನು ಕಳಿಸಬೇಡಿ ಎಂದು ಪೋಷಕರಿಗೆ ಖಡಾಖಂಡಿತವಾಗಿ ಹೇಳಿ.

ಗಂಟಲಿನ ವಿಷಯ ಚಿಕ್ಕದು. ಕೂಗೋದು ಕಡಿಮೆ ಮಾಡಿ, ಕೈಸನ್ನೆ ಕಲಿಸಿ, ದಡದಲ್ಲಿ ಕುಡಿಯುವ ನೀರಿರಲಿ. ನೀರಲ್ಲಿದ್ದರೂ ಬೆವರುತ್ತೇವೆ, ಬಾಯಾರಿಕೆ ಮಾತ್ರ ಗೊತ್ತಾಗಲ್ಲ.

ಈಗ ಭಯ. 'ಮೂರು ಎಣಿಸ್ತೀನಿ' ಅಂದು ಎರಡಕ್ಕೇ ಮುಳುಗಿಸುವ ಶಿಕ್ಷಕರಿದ್ದಾರೆ. ಆ ಮಗು ಆಮೇಲೆ ಅವರ ಯಾವ ಮಾತನ್ನೂ ನಂಬಲ್ಲ. ಕಂಬಿ ಬಿಗಿಯಾಗಿ ಹಿಡಿದ ಮಗುವಿನ ಬೆರಳು ಬಿಡಿಸಲು ಹೋಗಬೇಡಿ. ಪಕ್ಕದಲ್ಲೇ ಗಲ್ಲ ನೀರಿಗೆ ತಾಗುವಷ್ಟು ಬಗ್ಗಿ, ನೀವೇ ಗುಳುಗುಳು ಅಂತ ಗುಳ್ಳೆ ಬಿಡಿ. ಒಂದೆರಡು ದಿನ ಮಗು ಸುಮ್ನೆ ನೋಡಬಹುದು, ನೋಡಲಿ. ಮುಟ್ಟುವ ಮುಂಚೆ 'ಬೆನ್ನ ಕೆಳಗೆ ಕೈ ಇಡ್ತೀನಿ, ಸರೀನಾ?' ಎಂದು ಕೇಳಿ. ಇದು ಮಗುವಿಗೂ ಒಳ್ಳೆಯದು, ಶಿಕ್ಷಕರಿಗೂ.

ಧೈರ್ಯ ಬಂದ ಮಕ್ಕಳ ಚಿಂತೆ ಬೇರೆ. ಯಾರು ಜಾಸ್ತಿ ಹೊತ್ತು ಉಸಿರು ಹಿಡಿಯುತ್ತಾರೆ ಎಂಬ ಪಂದ್ಯ ಪೂರ್ತಿ ನಿಲ್ಲಿಸಿ. ಬಿರುಸಾಗಿ ಉಸಿರಾಡಿ ಮುಳುಗಿದರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿದು, ಉಸಿರು ಬೇಕೆನ್ನುವ ತುಡಿತ ತಡವಾಗುತ್ತದೆ. ಅಷ್ಟರಲ್ಲಿ ಪ್ರಜ್ಞೆಯೇ ತಪ್ಪಬಹುದು.

ಶಿಕ್ಷಕರನ್ನು ಒಳಗೊಳಗೇ ಹಿಂಡುವುದು ಮಾತ್ರ ಇನ್ನೊಂದು. ಒಂದು ಮಗುವನ್ನು ಹಿಡಿದು ಕಲಿಸುವಾಗ ಉಳಿದವರು ಬೆನ್ನ ಹಿಂದಿರುತ್ತಾರೆ. ಮುಳುಗುವವರು ಸಿನಿಮಾದಲ್ಲಿ ತೋರಿಸುವ ಹಾಗೆ ಕೂಗಲ್ಲ, ಸದ್ದಿಲ್ಲದೆ ಹೋಗಿಬಿಡುತ್ತಾರೆ. ಇದು ಗೊತ್ತಿರುವ ಶಿಕ್ಷಕರಿಗೆ ನೆಮ್ಮದಿ ಎಲ್ಲಿಂದ ಬರಬೇಕು? ಪುಟ್ಟ ಮಕ್ಕಳಾದರೆ ಒಬ್ಬರಿಗೆ ನಾಲ್ಕೈದು ಮಂದಿ ಸಾಕು. ಕಲಿಸುವ ಕೆಲಸವಿಲ್ಲದೆ ಬರೀ ಕಣ್ಣಿಡುವ ಲೈಫ್‌ಗಾರ್ಡ್ ಒಬ್ಬರು ಇರಲೇಬೇಕು. ದುಡ್ಡು ಒಂದಕ್ಕೇ ಸಾಕಾದರೆ ಹೊಸ ಕಿಕ್‌ಬೋರ್ಡ್ (ಹಿಡಿದು ಈಜುವ ತೇಲುಹಲಗೆ), ಬಣ್ಣದ ಆಟಿಕೆ ಎಲ್ಲ ಆಮೇಲೆ. ಮೊದಲು ಲೈಫ್‌ಗಾರ್ಡ್‌ಗೆ ಹಾಕಿ.