ದುಬೈನ ಅಮೆರಿಕನ್ ಪಠ್ಯಕ್ರಮದ ಶಾಲೆಗೆ ಮಗಳನ್ನು ಸೇರಿಸಿದರೆ ಮುಂದೆ ಊರಿನಲ್ಲಿ ಮೆಡಿಕಲ್ ಸೀಟಿಗೆ ತೊಂದರೆಯಾಗುತ್ತದೆಯೇ?

ಸಿಬಿಎಸ್‌ಇ ಶಾಲೆಯಲ್ಲಿ ಎಂಟನೆಯ ತರಗತಿ ಮುಗಿಸುತ್ತಿರುವ ಮಗಳು, ಶುಲ್ಕ ಕಟ್ಟಲು ಒಪ್ಪಿರುವ ಕಂಪನಿ, ಡಾಕ್ಟರಾಗಬೇಕೆಂಬ ಅವಳ ಆಸೆ, ಎಂದೋ ಒಂದು ದಿನ ಬೆಂಗಳೂರಿಗೆ ಮರಳುವ ಯೋಚನೆ: ನಿಮ್ಮ ಪ್ರಶ್ನೆಯಲ್ಲಿ ಇಸವಿಯೊಂದನ್ನು ಬದಲಿಸಿದರೆ ಅದು 2015ರಲ್ಲಿ ನಮ್ಮ ಮನೆಯಲ್ಲಿ ನಡೆದ ಮಾತುಕತೆಯೇ ಆಗಿದೆ. ನಾನು ಆಗ ದುಬೈನ ಜೆಬೆಲ್ ಅಲಿಯಲ್ಲಿ ಕೆಲಸದಲ್ಲಿದ್ದೆ. ಮಗಳು ಏಪ್ರಿಲ್‌ನಲ್ಲಿ ಭಾರತೀಯ ಶಾಲೆಯ ಒಂಬತ್ತನೆಯ ತರಗತಿಗೆ ಕಾಲಿಟ್ಟವಳು, ಬೇಸಿಗೆ ರಜೆ ಮುಗಿದ ಮೇಲೆ ಆಗಸ್ಟ್‌ನಲ್ಲಿ ಅಮೆರಿಕನ್ ಶಾಲೆಯ ಒಂಬತ್ತನೆಯ ಗ್ರೇಡಿನಲ್ಲಿ ಕುಳಿತಳು.

ಕಲಿಕೆಯ ಬಗ್ಗೆ ನನಗೆ ಯಾವ ದೂರೂ ಇಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ. ಪ್ರಶ್ನೋತ್ತರ ಬಾಯಿಪಾಠ ಮಾಡುತ್ತಿದ್ದ ಹುಡುಗಿ ವರ್ಷ ತುಂಬುವುದರೊಳಗೆ ಗ್ರಂಥಾಲಯದಲ್ಲಿ ಕುಳಿತು ಆಕರಗಳನ್ನು ಹೋಲಿಸಿ ಹತ್ತು ಪುಟಗಳ ಪ್ರಬಂಧ ಬರೆಯತೊಡಗಿದಳು. ಶಿಕ್ಷಕರನ್ನು ಎದುರುಹಾಕಿಕೊಳ್ಳದೆಯೇ ಅವರ ಮಾತನ್ನು ಒಪ್ಪದಿರುವುದು ಹೇಗೆಂಬುದನ್ನೂ ಕಲಿತಳು, ಮತ್ತು ಆ ವಿದ್ಯೆಯನ್ನು ಮನೆಯಲ್ಲಿ ಧಾರಾಳವಾಗಿ ಪ್ರಯೋಗಿಸಿದಳು. ನಾವು ಎಡವಿದ್ದು ಬೇರೊಂದು ಕಡೆ, ಮತ್ತು ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ.

ಅಲ್ಲಿ ಪ್ರತಿ ವರ್ಷ ಮಾರ್ಚ್ ತಿಂಗಳಿನ ಹೊತ್ತಿಗೆ ಮುಂದಿನ ವರ್ಷದ ವಿಷಯಗಳನ್ನು ಆರಿಸಿಕೊಳ್ಳುವ ಒಂದು ಹಾಳೆ ಮನೆಗೆ ಬರುತ್ತದೆ. ಎಡಗಡೆ ವಿಷಯಗಳ ಹೆಸರು, ಬಲಗಡೆ ಪ್ರತಿಯೊಂದಕ್ಕೂ ಸಿಗುವ ಕ್ರೆಡಿಟ್, ಕೆಳಗೆ ಡಿಪ್ಲೊಮಾಕ್ಕೆ, ಅಂದರೆ ಅಲ್ಲಿ ಹನ್ನೆರಡನೆಯ ಗ್ರೇಡ್ ಮುಗಿಸಿದವರಿಗೆ ಕೊಡುವ ಪ್ರಮಾಣಪತ್ರಕ್ಕೆ, ಬೇಕಾದ ಕ್ರೆಡಿಟ್‌ಗಳಲ್ಲಿ ಎಷ್ಟು ಪೂರ್ಣಗೊಂಡಿವೆ ಎಂಬ ಪಟ್ಟಿ, ಅದರ ಕೆಳಗೆ ವಿಷಯಗಳ ಆಯ್ಕೆಗೆ ಸಲಹೆ ಕೊಡುವ ಶಾಲೆಯ ಕೌನ್ಸೆಲರ್ ಸಹಿ, ಕಡೆಯಲ್ಲಿ ಪೋಷಕರ ಸಹಿ. ನಮ್ಮ ಪಿಯುಸಿಯಲ್ಲಿ ವಿಜ್ಞಾನ ವಿಭಾಗ ಸೇರಿ ಪಿಸಿಎಂಬಿ ತೆಗೆದುಕೊಂಡವರಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರಗಳು ಬೇಕಿರಲಿ ಬೇಡವಿರಲಿ ಎರಡೂ ವರ್ಷ ಇದ್ದೇ ಇರುತ್ತವೆ. ಅಮೆರಿಕನ್ ಶಾಲೆಯಲ್ಲಿ ‘ವಿಭಾಗ’ ಎಂಬುದೇ ಇಲ್ಲ. ಒಂಬತ್ತರಲ್ಲಿ ಜೀವಶಾಸ್ತ್ರ, ಹತ್ತರಲ್ಲಿ ರಸಾಯನಶಾಸ್ತ್ರ, ಹನ್ನೊಂದರಲ್ಲಿ ಭೌತಶಾಸ್ತ್ರ ಎಂದು ವರ್ಷಕ್ಕೊಂದರಂತೆ ಓದುವುದು ಅಲ್ಲಿನ ರೂಢಿ, ಮತ್ತು ಮೂರು ಮುಗಿದರೆ ನಮ್ಮ ಶಾಲೆಯ ಮಟ್ಟಿಗೆ ವಿಜ್ಞಾನದ ಲೆಕ್ಕ ಚುಕ್ತಾ. ಹನ್ನೆರಡನೆಯ ಗ್ರೇಡಿನ ಹಾಳೆ ಬಂದಾಗ ವಿಜ್ಞಾನದ ಮುಂದೆ ಅಗತ್ಯ ಪೂರ್ಣಗೊಂಡಿದೆ ಎಂಬ ಗುರುತು ಇತ್ತು. ಅದನ್ನು ನಾನು ಶುಭಸಮಾಚಾರವೆಂದೇ ಭಾವಿಸಿದೆ! ಮಗಳು ಮನಶ್ಶಾಸ್ತ್ರ, ಸಂಖ್ಯಾಶಾಸ್ತ್ರ ಮುಂತಾದವನ್ನು ಆರಿಸಿಕೊಂಡಿದ್ದಳು, ಜಿಪಿಎ ಚೆನ್ನಾಗಿತ್ತು, ನಾನು ಶಾಲೆಯ ಪಾರ್ಕಿಂಗಿನಲ್ಲಿ ಹಾಳೆಯನ್ನು ಕಾರಿನ ಬಾನೆಟ್ ಮೇಲಿಟ್ಟು, ಪೂರ್ತಿ ಓದದೆ ಸಹಿ ಮಾಡಿಕೊಟ್ಟೆ.

ಕೌನ್ಸೆಲರನ್ನು ದೂರುವುದರಲ್ಲಿ ಅರ್ಥವಿಲ್ಲ. ಅಮೆರಿಕ, ಕೆನಡಾಗಳ ಕಾಲೇಜುಗಳಿಗೆ ಏನು ಬೇಕೆಂಬುದು ಆಕೆಗೆ ಅಂಗೈ ಮೇಲಿನ ನೆಲ್ಲಿಕಾಯಿಯಷ್ಟು ಸ್ಪಷ್ಟವಿತ್ತು. ಭಾರತದಲ್ಲಿ ಮೆಡಿಕಲ್ ಓದಿಸುವ ಉದ್ದೇಶವನ್ನು ನಾವು ಆಕೆಗೆ ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ಸಂಜೆಯ ನೀಟ್ ಕೋಚಿಂಗ್ ಒಂದಿದ್ದರೆ ಸಾಕು, ಶಾಲೆಯಲ್ಲಿ ಏನು ಓದಿದರೂ ನಡೆಯುತ್ತದೆ ಎಂದು ನಂಬಿದ್ದೆವು. ಹನ್ನೆರಡನೆಯ ಗ್ರೇಡಿನ ಅಕ್ಟೋಬರ್‌ನಲ್ಲಿ ಆ ಕೋಚಿಂಗಿನ ಮೇಷ್ಟ್ರೇ, ಅರ್ಜಿಯ ವಿಷಯ ಮಾತನಾಡುತ್ತ, “ಹನ್ನೊಂದು, ಹನ್ನೆರಡರಲ್ಲಿ ಬಯಾಲಜಿ ಇದೆ ತಾನೇ?” ಎಂದು ಕೇಳಿದರು. ಮಗಳು ನನ್ನ ಮುಖ ನೋಡಿದಳು. ವಿಷಯ ಬದಲಿಸಿಕೊಳ್ಳುವ ಅವಧಿ ಶಾಲೆ ಆರಂಭವಾದ ಕೆಲವೇ ವಾರಗಳಲ್ಲಿ ಮುಗಿದುಹೋಗಿತ್ತು.

ಆಗ ಜಾರಿಯಲ್ಲಿದ್ದ, 1997ರ ವೈದ್ಯಕೀಯ ಶಿಕ್ಷಣ ನಿಯಮಾವಳಿಯ ಪ್ರಕಾರ ಹನ್ನೊಂದು ಮತ್ತು ಹನ್ನೆರಡರಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಅಥವಾ ಜೈವಿಕ ತಂತ್ರಜ್ಞಾನವನ್ನು ಪ್ರಯೋಗಾಲಯದ ಪಾಠಗಳ ಸಮೇತ, ಇಂಗ್ಲಿಷ್ ಜೊತೆಗೆ ಓದಿರಲೇಬೇಕಾಗಿತ್ತು. ಅವಳ ಬಳಿ ಇದ್ದದ್ದು ಹನ್ನೊಂದರ ಭೌತಶಾಸ್ತ್ರ ಮಾತ್ರ. ಊರಿಗೆ ಬಂದು ಪ್ರಥಮ ಪಿಯುಸಿಯಿಂದ ಶುರುಮಾಡುವ ದಾರಿಯೊಂದಿತ್ತು. “ಅಪ್ಪಾ, ನಾನು ಮತ್ತೆ ಹನ್ನೊಂದಕ್ಕೆ ಹೋಗಿ ಕೂರಲ್ಲ” ಎಂದು ಒಂದೇ ಮಾತಿನಲ್ಲಿ ಅದನ್ನು ಮುಗಿಸಿದಳು. 2023ರ ನವೆಂಬರ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ಈ ನಿಯಮವನ್ನು ಸಡಿಲಿಸಿ, ಹನ್ನೆರಡನೆಯ ತರಗತಿ ಮುಗಿದ ಮೇಲೆ ಈ ವಿಷಯಗಳನ್ನು ಹೆಚ್ಚುವರಿಯಾಗಿ ತೇರ್ಗಡೆಯಾದವರಿಗೂ ನೀಟ್ ಬರೆಯಲು ಅವಕಾಶ ಕೊಟ್ಟಿತು. ಅಷ್ಟು ಹೊತ್ತಿಗೆ ಅವಳು ಬೆಂಗಳೂರಿನಲ್ಲಿ ಮನಶ್ಶಾಸ್ತ್ರದ ಪದವಿಯನ್ನೇ ಮುಗಿಸಿದ್ದಳು. ಅವಳಿಗೆ ಇದರ ಬಗ್ಗೆ ಬೇಸರವಿಲ್ಲ, ನನಗೆ ಇನ್ನೂ ಇದೆ.

ಇನ್ನು ನಿಮ್ಮ ಪ್ರಶ್ನೆ. ಅಮೆರಿಕನ್ ಪಠ್ಯಕ್ರಮ ಒಳ್ಳೆಯದೋ ಸಿಬಿಎಸ್‌ಇ ಒಳ್ಳೆಯದೋ ಎಂದು ತೂಗಿ ನೋಡುವುದೇ ವ್ಯರ್ಥವೆಂದು ನನ್ನ ಅಭಿಪ್ರಾಯ. ಮೊದಲನೆಯದಾಗಿ, ಅಮೆರಿಕಕ್ಕೆ ರಾಷ್ಟ್ರೀಯ ಪಠ್ಯಕ್ರಮವೆಂಬುದು ಇಲ್ಲವೇ ಇಲ್ಲ; ಪ್ರತಿ ರಾಜ್ಯವೂ ತನ್ನ ಮಾನದಂಡಗಳನ್ನು ತಾನೇ ನಿರ್ಧರಿಸಿಕೊಳ್ಳುತ್ತದೆ. ವಿದೇಶದ ಶಾಲೆಗಳು ಇಂಗ್ಲಿಷ್, ಗಣಿತಗಳಿಗೆ 2010ರ ಕಾಮನ್ ಕೋರ್, ವಿಜ್ಞಾನಕ್ಕೆ 2013ರ ನೆಕ್ಸ್ಟ್ ಜನರೇಷನ್ ಸೈನ್ಸ್ ಸ್ಟ್ಯಾಂಡರ್ಡ್ಸ್ ಅಥವಾ ಯಾವುದೋ ಒಂದು ರಾಜ್ಯದ ಮಾನದಂಡವನ್ನು ಆರಿಸಿಕೊಳ್ಳುತ್ತವೆ. ಕೊನೆಯಲ್ಲಿ ಬೋರ್ಡ್ ಪರೀಕ್ಷೆಯಿಲ್ಲ, ಡಿಪ್ಲೊಮಾ ಕೊಡುವುದು ಶಾಲೆಯೇ. ಆದ್ದರಿಂದಲೇ ನೀಯಾಸ್ಕ್, ಮಿಡಲ್ ಸ್ಟೇಟ್ಸ್, ವಾಸ್ಕ್, ಕಾಗ್ನಿಯಾದಂತಹ ಸಂಸ್ಥೆಗಳ ಮಾನ್ಯತೆ ಅಷ್ಟು ಮುಖ್ಯವಾಗುತ್ತದೆ. ದುಬೈನಲ್ಲಿ ಇದರ ಜೊತೆಗೆ ಖಾಸಗಿ ಶಾಲೆಗಳ ಮೇಲ್ವಿಚಾರಣೆ ಮಾಡುವ ಸರ್ಕಾರಿ ಪ್ರಾಧಿಕಾರವಾದ ಕೆಎಚ್‌ಡಿಎ ತಪಾಸಣೆಯ ಶ್ರೇಣಿಯೂ ಇರುತ್ತದೆ. ನಮ್ಮ ಶಾಲೆಗೆ ಎರಡೂ ಇದ್ದವು. ಆದರೆ ಅವು ಹೇಳುವುದು ಶಾಲೆ ಸರಿಯಾಗಿ ನಡೆಯುತ್ತಿದೆಯೇ ಎಂಬುದನ್ನು. ನಿಮ್ಮ ಮಗಳು ಭಾರತದ ಯಾವ ಕೋರ್ಸಿಗೆ ಅರ್ಹಳು ಎಂಬುದನ್ನಲ್ಲ.

‘ತತ್ಸಮಾನ ಪ್ರಮಾಣಪತ್ರ ಮಾಡಿಸಿಕೊಂಡರೆ ಆಯಿತು’ ಎಂದು ನಿಮಗೂ ಯಾರಾದರೂ ಹೇಳಿರಬಹುದು. ನಮ್ಮ ಕಾಲದಲ್ಲಿ ಅದನ್ನು ಭಾರತೀಯ ವಿಶ್ವವಿದ್ಯಾಲಯಗಳ ಸಂಘ ಕೊಡುತ್ತಿತ್ತು. ವಿದೇಶಿ ವಿದ್ಯಾರ್ಹತೆಗಳ ತತ್ಸಮಾನತೆಯ ಕುರಿತು 2025ರಲ್ಲಿ ಯುಜಿಸಿ ಹೊಸ ನಿಯಮಾವಳಿ ಹೊರಡಿಸಿದೆ, ಅದನ್ನು ಓದಿಕೊಳ್ಳಿ. ಆ ಪತ್ರ ಯಾರೇ ಕೊಡಲಿ, ಡಿಪ್ಲೊಮಾ ನಮ್ಮ ಹನ್ನೆರಡನೆಯ ತರಗತಿಗೆ ಸಮ ಎಂದಷ್ಟೇ ಅದು ಹೇಳುತ್ತದೆ. ಓದದೇ ಇರುವ ಜೀವಶಾಸ್ತ್ರವನ್ನು ಅದು ತಂದುಕೊಡುವುದಿಲ್ಲ.

ಬೆಂಗಳೂರಿಗೆ ಮರಳುವ ಕನ್ನಡಿಗರು ಬಹುಮಟ್ಟಿಗೆ ಮರೆಯುವ ಇನ್ನೊಂದು ಸಂಗತಿಯಿದೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮೂಲಕ ಸರ್ಕಾರಿ ಕೋಟಾದ ಸೀಟು ಬೇಕಾದರೆ ಸಾಮಾನ್ಯ ನಿಯಮದಂತೆ ಒಂದನೆಯ ತರಗತಿಯಿಂದ ದ್ವಿತೀಯ ಪಿಯುಸಿಯೊಳಗೆ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು. ಮನೆಮಾತು ಕನ್ನಡವೆಂಬುದಾಗಲಿ, ಶಿವಮೊಗ್ಗದಲ್ಲಿ ತೋಟವಿದೆಯೆಂಬುದಾಗಲಿ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಆದರೆ ತಂದೆ ಅಥವಾ ತಾಯಿ ಕರ್ನಾಟಕದಲ್ಲಿ 7 ವರ್ಷ ಓದಿದ್ದು, ಮಗು ಹನ್ನೊಂದು ಮತ್ತು ಹನ್ನೆರಡನ್ನು ಇಲ್ಲಿಯೇ ಓದಿದ್ದರೆ ಇನ್ನೊಂದು ಕಲಮಿನಡಿ ಅರ್ಹತೆ ಸಿಗುತ್ತದೆ. ನಿಮ್ಮಂಥವರಿಗಾಗಿಯೇ ಇರುವ ಬಾಗಿಲು ಅದು, ಮತ್ತು ನಾನು ಅದನ್ನು ಗಮನಿಸಿಯೇ ಇರಲಿಲ್ಲ.

ಹಾಗಾಗಿ ನನ್ನ ಮಾತು ಇಷ್ಟು: ಭಾರತದ ಮೆಡಿಕಲ್ ಸೀಟು ನಿಜವಾಗಿಯೂ ಬೇಕಿದ್ದರೆ ಮಗಳನ್ನು ಈಗಿನ ಶಾಲೆಯಿಂದ ಕದಲಿಸಬೇಡಿ, ಹತ್ತನೆಯ ತರಗತಿಯ ಬೋರ್ಡ್ ಪರೀಕ್ಷೆ ಮುಗಿದ ಕೂಡಲೇ ಪಿಯುಸಿಗೆ ಕರ್ನಾಟಕಕ್ಕೆ ಕಳುಹಿಸಿ. ಅಜ್ಜಿಯ ಮನೆಯಿದ್ದರೆ ಇನ್ನೂ ಒಳ್ಳೆಯದು. ಅಮೆರಿಕಕ್ಕೋ ಕೆನಡಾಕ್ಕೋ ಕಳುಹಿಸುವ ಮನಸ್ಸು ಗಟ್ಟಿಯಾಗಿದ್ದರೆ ಕಣ್ಣುಮುಚ್ಚಿ ಅಮೆರಿಕನ್ ಶಾಲೆಗೆ ಸೇರಿಸಿ. ‘ಎರಡೂ ದಾರಿ ತೆರೆದಿರಲಿ’ ಎಂದು ನೀವು ಬರೆದಿದ್ದೀರಲ್ಲ, ನಾವೂ ಅದನ್ನೇ ಅಂದುಕೊಂಡಿದ್ದೆವು. ಎರಡು ದೋಣಿಯಲ್ಲಿ ಕಾಲಿಟ್ಟವರ ಪಾಡು ಏನಾಗುತ್ತದೆಂದು ಪರೀಕ್ಷಾ ವೇಳಾಪಟ್ಟಿಯೇ ತೋರಿಸುತ್ತದೆ. 2019ರಲ್ಲಿ ನೀಟ್ ನಡೆದದ್ದು ಮೇ 5ರ ಭಾನುವಾರ, ಅಮೆರಿಕದ ಕಾಲೇಜು ಬೋರ್ಡ್ ಹೈಸ್ಕೂಲಿನವರಿಗೆ ನಡೆಸುವ ಕಾಲೇಜು ಮಟ್ಟದ ಎಪಿ ಪರೀಕ್ಷೆಗಳು ಆರಂಭವಾದದ್ದು ಮರುದಿನ, ಸೋಮವಾರ. ದುಬೈನಲ್ಲಿ ನೀಟ್ ಕೇಂದ್ರ ತೆರೆದದ್ದು 2021ರಲ್ಲಿ, ಅಲ್ಲಿಯವರೆಗೆ ವಿಮಾನ ಹತ್ತಿ ಊರಿಗೆ ಬಂದೇ ಬರೆಯಬೇಕಾಗಿತ್ತು.

ಅವಳ ಮನಸ್ಸು ಎಂಜಿನಿಯರಿಂಗ್ ಕಡೆ ತಿರುಗಿದರೆ ಮಾತ್ರ ಲೆಕ್ಕಾಚಾರ ಬದಲಾಗುತ್ತದೆ. ಹನ್ನೊಂದು, ಹನ್ನೆರಡನ್ನು ವಿದೇಶದಲ್ಲಿ ಓದಿದವರಿಗೆ ಡಾಸಾ ಯೋಜನೆಯಲ್ಲಿ ಸುರತ್ಕಲ್‌ನ ಎನ್‌ಐಟಿಕೆಯಂತಹ ಸಂಸ್ಥೆಗಳಲ್ಲಿ ಪ್ರತ್ಯೇಕ ಸೀಟುಗಳಿವೆ, ಗಲ್ಫ್‌ನಲ್ಲಿ ದುಡಿಯುವ ಭಾರತೀಯರ ಮಕ್ಕಳಿಗೆ ಶುಲ್ಕವೂ ಕಡಿಮೆ. ಮೊದಲು ಅದಕ್ಕೆ ಅಮೆರಿಕದ ಕಾಲೇಜು ಪ್ರವೇಶಕ್ಕಾಗಿ ನಡೆಯುತ್ತಿದ್ದ ಸ್ಯಾಟ್ ವಿಷಯವಾರು ಪರೀಕ್ಷೆಯ ಅಂಕ ಸಾಕಿತ್ತು. ಆ ಪರೀಕ್ಷೆಗಳೇ ನಿಂತುಹೋದ ಮೇಲೆ, 2021ರಿಂದ, ಜೆಇಇ ಮೇನ್ ರ‍್ಯಾಂಕ್ ಬೇಕು.

ಇಷ್ಟು ಹೇಳಿದ ಮೇಲೂ ಅಮೆರಿಕನ್ ಶಾಲೆಯೇ ಬೇಕೆಂದು ನಿರ್ಧರಿಸಿದರೆ, ಪ್ರವೇಶ ಶುಲ್ಕ ಕಟ್ಟುವ ಮೊದಲು ಕೌನ್ಸೆಲರ್ ಎದುರು ಕುಳಿತು, ಹನ್ನೊಂದು ಮತ್ತು ಹನ್ನೆರಡು ಎರಡರಲ್ಲಿಯೂ ಮೂರೂ ವಿಜ್ಞಾನಗಳನ್ನು ಎಪಿ ಮಟ್ಟದಲ್ಲಾದರೂ ಸರಿ, ಒಟ್ಟಿಗೆ ಓದಲು ಅವರ ವೇಳಾಪಟ್ಟಿಯಲ್ಲಿ ಜಾಗವಿದೆಯೇ ಎಂದು ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ತರಿಸಿಕೊಳ್ಳಿ. ‘ಸಾಕಷ್ಟು ವಿದ್ಯಾರ್ಥಿಗಳು ಆರಿಸಿಕೊಂಡರೆ ಆ ತರಗತಿ ನಡೆಸುತ್ತೇವೆ’ ಎಂದು ಅವರು ಬರೆದರೆ, ಇಲ್ಲ ಎಂದೇ ಓದಿಕೊಳ್ಳಿ.