ಹಸಿರು ಬಾವುಟದ ಸಿಪಾಯಿಗಳು

ಪ್ರಶ್ನೆ: 1799ರಲ್ಲಿ ನಮ್ಮೂರು ಬಿದ್ದ ಮೇಲೆ ಇಲ್ಲಿಯ ಆಡಳಿತ ನೋಡಿಕೊಂಡ ಆರ್ಥರ್ ವೆಲ್ಲೆಸ್ಲಿ ಡಬ್ಲಿನ್‌ನಲ್ಲಿ ಹುಟ್ಟಿದವನೆಂದು ಓದಿದೆ. ಅಮೆರಿಕಕ್ಕೆ ವಲಸೆ ಹೋದ ಐರಿಷರು ಅಲ್ಲಿಯ ಸೈನ್ಯದಲ್ಲಿ ಪ್ರಾಣ ಕೊಟ್ಟರಂತೆ. ಹೋದಲ್ಲೆಲ್ಲ ಪರರಿಗಾಗಿ ಹೋರಾಡಿದ ಇವರಿಗೆ ತಾಯ್ನಾಡಿನ ಸ್ವಾತಂತ್ರ್ಯದ ಹಂಬಲ ನಿಜವಾಗಿ ಇತ್ತೇ, ಅಥವಾ ಎಲ್ಲವೂ ಸಂಬಳಕ್ಕಾಗಿಯೇ?
— ಓದುಗರು, ಶ್ರೀರಂಗಪಟ್ಟಣ

ಉತ್ತರ: ವೆಲ್ಲೆಸ್ಲಿಯನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಅವನದು ಐರ್ಲೆಂಡನ್ನು ಆಳುತ್ತಿದ್ದ ಪ್ರೊಟೆಸ್ಟೆಂಟ್ ಸಿರಿವಂತರ ಮನೆತನ. ಅಮೆರಿಕದ ಹಡಗು ಹತ್ತಿದವರಲ್ಲಿ ಹೆಚ್ಚಿನವರು ಬಡ ಕ್ಯಾಥೊಲಿಕ್ ರೈತರು ಮತ್ತು ಕೂಲಿಗಳು. 1845ರಿಂದ ಆಲೂಗಡ್ಡೆ ಬೆಳೆಗೆ ರೋಗ ತಗುಲಿ ಬಂದ ಮಹಾಕ್ಷಾಮದಲ್ಲಿ ಸುಮಾರು 10 ಲಕ್ಷ ಜನ ಸತ್ತು, ಹೆಚ್ಚುಕಡಿಮೆ ಅಷ್ಟೇ ಜನ ದೇಶ ಬಿಟ್ಟರು. ಆ ವರ್ಷಗಳಲ್ಲೂ ಅದೇ ನೆಲದ ಧಾನ್ಯ ಹಡಗೇರಿ ಇಂಗ್ಲೆಂಡಿಗೆ ಹೋಗುತ್ತಿದ್ದುದನ್ನು ಅವರು ಮರೆಯಲಿಲ್ಲ.

ಸಂಬಳದ ಆಸೆ ಇರಲಿಲ್ಲವೆಂದರೆ ಸುಳ್ಳಾಗುತ್ತದೆ. 1861ರಲ್ಲಿ ಅಮೆರಿಕದ ಉತ್ತರ ಮತ್ತು ದಕ್ಷಿಣ ರಾಜ್ಯಗಳ ನಡುವೆ ಅಂತರ್ಯುದ್ಧ ಆರಂಭವಾದ ಕೆಲವೇ ತಿಂಗಳಲ್ಲಿ ಉತ್ತರದ ಸಾಮಾನ್ಯ ಸಿಪಾಯಿಯ ಸಂಬಳ ತಿಂಗಳಿಗೆ 13 ಡಾಲರ್ ಆಯಿತು. ಕೆಲಸವಿಲ್ಲದ ವಲಸೆಗಾರನ ಮನೆಗೆ ಅದು ದೊಡ್ಡ ಆಸರೆ. ಆದರೆ ನ್ಯೂಯಾರ್ಕಿನ 69ನೇ ರೆಜಿಮೆಂಟಿನ ಮುಖ್ಯಸ್ಥ ಮೈಕೆಲ್ ಕಾರ್ಕೊರನ್ ನಡೆದುಕೊಂಡ ರೀತಿಗೆ ಸಂಬಳದಲ್ಲಿ ಉತ್ತರ ಸಿಗುವುದಿಲ್ಲ. 1860ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಯುವರಾಜ ನಗರಕ್ಕೆ ಬಂದಾಗ, ಅವನ ಗೌರವಾರ್ಥ ನಡೆದ ಕವಾಯತಿಗೆ ತನ್ನ ಐರಿಷ್ ಸಿಪಾಯಿಗಳನ್ನು ಕಳುಹಿಸಲು ಕಾರ್ಕೊರನ್ ಒಪ್ಪಲಿಲ್ಲ. ಅವನನ್ನು ಸೇನಾ ನ್ಯಾಯಾಲಯದ ಮುಂದೆ ನಿಲ್ಲಿಸಿದರು. ಅಷ್ಟರಲ್ಲಿ ಯುದ್ಧ ಶುರುವಾದುದರಿಂದ ವಿಚಾರಣೆಯನ್ನು ಕೈಬಿಟ್ಟು, ಅದೇ ಕಾರ್ಕೊರನ್‌ನನ್ನು ಅದೇ ರೆಜಿಮೆಂಟಿನೊಡನೆ ರಣರಂಗಕ್ಕೆ ಕಳುಹಿಸಿದರು. ಸರ್ಕಾರಗಳಿಗೆ ಅಗತ್ಯ ಬಿದ್ದಾಗ ಶಿಸ್ತಿನ ನಿಯಮಗಳು ಎಷ್ಟು ಬೇಗ ಸಡಿಲವಾಗುತ್ತವೆ ನೋಡಿ!

ಉತ್ತರದ ಸೈನ್ಯದಲ್ಲಿ ಐರಿಷ್ ಬ್ರಿಗೇಡನ್ನು ಕಟ್ಟಿದ ಥಾಮಸ್ ಫ್ರಾನ್ಸಿಸ್ ಮಾಹರ್ 1848ರ ಐರಿಷ್ ಬಂಡಾಯದಲ್ಲಿ ಸಿಕ್ಕಿಬಿದ್ದು, ಟ್ಯಾಸ್ಮೇನಿಯಾಕ್ಕೆ ಗಡೀಪಾರಾಗಿ, ಅಲ್ಲಿಂದ ತಪ್ಪಿಸಿಕೊಂಡು 1852ರಲ್ಲಿ ನ್ಯೂಯಾರ್ಕ್ ಸೇರಿದವನು. 1862ರ ಡಿಸೆಂಬರ್ 13ರಂದು ಫ್ರೆಡರಿಕ್ಸ್‌ಬರ್ಗ್‌ನಲ್ಲಿ ಈ ಬ್ರಿಗೇಡು ಇಳಿಜಾರಿನ ಬಯಲನ್ನು ದಾಟಿ, ಕಲ್ಲುಗೋಡೆಯ ಹಿಂದೆ ಅಡಗಿದ್ದ ದಕ್ಷಿಣದ ಸೈನ್ಯದ ಮೇಲೆ ಏರಿಹೋಯಿತು. ಐರ್ಲೆಂಡಿನ ಬಣ್ಣವಾದ ಹಸಿರಿನ, ಚಿಂದಿಯಾದ ಬ್ರಿಗೇಡಿನ ಬಾವುಟಗಳು ಬದಲಿ ಬಾವುಟಗಳಿಗಾಗಿ ನ್ಯೂಯಾರ್ಕಿಗೆ ಹೋಗಿದ್ದವು. ಆದ್ದರಿಂದ ಪ್ರತಿಯೊಬ್ಬನೂ ಟೋಪಿಗೆ ಹಸಿರು ಗಿಡದ ಕುಡಿಯೊಂದನ್ನು ಸಿಕ್ಕಿಸಿಕೊಳ್ಳಬೇಕೆಂದು ಮಾಹರ್ ಆಜ್ಞೆ ಮಾಡಿದ್ದ. ಹೋದ ಸುಮಾರು 1,200 ಜನರಲ್ಲಿ 545 ಮಂದಿ ಸತ್ತರು, ಗಾಯಗೊಂಡರು ಅಥವಾ ಕಾಣೆಯಾದರು. ಗೋಡೆಯ ಆಚೆ ಗುಂಡು ಹಾರಿಸುತ್ತಿದ್ದ ಜಾರ್ಜಿಯಾದ ದಳದಲ್ಲೂ ಐರಿಷರಿದ್ದರು.

ಇವರಲ್ಲಿ ಅನೇಕರಿಗೆ ಈ ಯುದ್ಧ ಇನ್ನೊಂದು ಯುದ್ಧದ ತಾಲೀಮಾಗಿತ್ತು. 1858ರಲ್ಲಿ ಜಾನ್ ಓ'ಮಹೋನಿ ನ್ಯೂಯಾರ್ಕಿನಲ್ಲಿ ಸ್ಥಾಪಿಸಿದ ಫೀನಿಯನ್ ಸಂಘ ಸೈನ್ಯದೊಳಗೇ ಸದಸ್ಯರನ್ನು ಸೇರಿಸಿಕೊಂಡಿತು. ಇಲ್ಲಿ ಬಂದೂಕು ಹಿಡಿಯಲು ಕಲಿತವನು ನಾಳೆ ಐರ್ಲೆಂಡಿನಲ್ಲಿ ಬ್ರಿಟಿಷರ ವಿರುದ್ಧ ಅದನ್ನು ಹಿಡಿಯುತ್ತಾನೆಂಬುದು ಅದರ ಲೆಕ್ಕಾಚಾರ. ಯುದ್ಧ ಮುಗಿದ ಮರುವರ್ಷ, 1866ರ ಜೂನ್‌ನಲ್ಲಿ, ಜಾನ್ ಓ'ನೀಲ್‌ನ ನೇತೃತ್ವದಲ್ಲಿ ನೂರಾರು ಅನುಭವಿ ಸೈನಿಕರು ನಯಾಗರಾ ನದಿ ದಾಟಿ ಬ್ರಿಟಿಷ್ ಕೆನಡಾಕ್ಕೆ ನುಗ್ಗಿದರು. ಕೆನಡಾವನ್ನು ಹಿಡಿದಿಟ್ಟುಕೊಂಡು ಐರ್ಲೆಂಡನ್ನು ಬಿಡಿಸಿಕೊಳ್ಳುವ ಈ ಯೋಜನೆ ನನಗಂತೂ ಅತ್ತೆಯ ಮೇಲಿನ ಕೋಪವನ್ನು ಕೊತ್ತಿಯ ಮೇಲೆ ತೀರಿಸಿದಂತೆ ಕಾಣುತ್ತದೆ. ರಿಡ್ಜ್‌ವೇಯಲ್ಲಿ ಅವರು ಗೆದ್ದರು. ಆದರೆ ಅಮೆರಿಕದ ಸರ್ಕಾರ ಹಿಂದಿನಿಂದ ಬರುವ ನೆರವನ್ನು ತಡೆದುದರಿಂದ ಹಿಂದಿರುಗಬೇಕಾಯಿತು. ಐರ್ಲೆಂಡಿನಲ್ಲೇ 1867ರಲ್ಲಿ ಎದ್ದ ಬಂಡಾಯವೂ ಸೋತಿತು. ಹೀಗಾಗಿ ಸೈನಿಕ ಯೋಜನೆಯಾಗಿ ಅದೆಲ್ಲ ವಿಫಲವೇ. ಆದರೂ ವಲಸೆಗಾರರ ಸಂಘಟನೆ ಮತ್ತು ಹಣ ಉಳಿದುಕೊಂಡವು. 1916ರಲ್ಲಿ ಡಬ್ಲಿನ್‌ನ ಬಂಡಾಯಗಾರರು ಹೊರಡಿಸಿದ ಸ್ವಾತಂತ್ರ್ಯ ಘೋಷಣೆ ಅಮೆರಿಕದಲ್ಲಿರುವ ಐರ್ಲೆಂಡಿನ ಮಕ್ಕಳ ಬೆಂಬಲವನ್ನು ಸ್ಪಷ್ಟವಾಗಿ ನೆನೆಯುತ್ತದೆ.

ಪ್ರಶ್ನೆ: ಬ್ರಿಟಿಷ್ ಸೈನ್ಯದಲ್ಲಿದ್ದ ಐರಿಷರು ಭಾರತದಲ್ಲಿ ಎಂದಾದರೂ ತಿರುಗಿಬಿದ್ದದ್ದುಂಟೇ?
— ಓದುಗರು, ಮೈಸೂರು

ಉತ್ತರ: ಉಂಟು. ಐರ್ಲೆಂಡಿನಲ್ಲಿ ಬ್ರಿಟಿಷ್ ಪಡೆಗಳು ನಡೆಸುತ್ತಿದ್ದ ದೌರ್ಜನ್ಯದ ಸುದ್ದಿ ತಲುಪಿದಾಗ, 1920ರ ಜೂನ್ 28ರಂದು ಜಲಂಧರಿನಲ್ಲಿ ಕನಾಟ್ ರೇಂಜರ್ಸ್ ರೆಜಿಮೆಂಟಿನ ಸಿಪಾಯಿಗಳು ಕೆಲಸ ಮಾಡಲು ನಿರಾಕರಿಸಿದರು. ಬಂಡಾಯ ಶಿಮ್ಲಾ ಬಳಿಯ ಸೋಲನ್‌ಗೂ ಹಬ್ಬಿತು. ಅಲ್ಲಿಯ ಮುಂದಾಳು ಜೇಮ್ಸ್ ಡೇಲಿಯನ್ನು ಅದೇ ವರ್ಷ ನವೆಂಬರ್ 2ರಂದು ದಗ್‌ಶಾಯಿ ಸೆರೆಮನೆಯಲ್ಲಿ ಗುಂಡಿಟ್ಟು ಕೊಂದರು.